ಹದಿನೇಳು ಸಹಿಯ ಮನೆ: ಕದ್ರಿಯ ಹಿತ್ತಿಲೊಂದು ಫ್ಲ್ಯಾಟ್ ಆದ ಪ್ರಕರಣ

ಮಂಗಳೂರಿನಲ್ಲಿ ಹಂಚಿನ ಮನೆ ಬಿದ್ದು ಅಪಾರ್ಟ್‌ಮೆಂಟ್ ಎದ್ದಾಗಲೆಲ್ಲ ಊರು ಎರಡು ಮಾತು ಆಡುತ್ತದೆ. ಬಿಲ್ಡರ್ ನುಂಗಿದ ಎಂಬುದು ಒಂದು. ಮಕ್ಕಳು ದುಡ್ಡಿಗೆ ಬಾಯಿ ಬಿಟ್ಟರು ಎಂಬುದು ಇನ್ನೊಂದು. ಕದ್ರಿ ಗುಡ್ಡದ ಇಳಿಜಾರಿನ ಅಡ್ಡರಸ್ತೆಯೊಂದರಲ್ಲಿದ್ದ 46 ಸೆಂಟ್ಸ್ ಹಿತ್ತಿಲಿನ ವಿಷಯದಲ್ಲಿ ಎರಡೂ ಹೊಂದುವುದಿಲ್ಲ. ಹಳೆಯ ಕಟ್ಟಡಗಳ ಗಟ್ಟಿತನ ಪರೀಕ್ಷಿಸಿ ವರದಿ ಕೊಡುವುದು ನನ್ನ ಉದ್ಯೋಗ. ಈ ಹಿತ್ತಿಲಿಗೆ ಮೊದಲು ಕರೆದವರು ಮನೆಯವರು, ಆಮೇಲೆ ಕರೆದವರು ಬಿಲ್ಡರ್. ಹಾಗಾಗಿ ಎರಡೂ ಕಡೆಯ ಕಡತ ಕೈಗೆ ಬಂತು. ಗುರುತು ಸಿಗಬಾರದೆಂದು ಹೆಸರುಗಳನ್ನು ಬಿಟ್ಟಿದ್ದೇನೆ, ಇಂಥದೇ ಬೇರೆ ಮನೆಗಳ ಕೆಲವು ವಿವರಗಳನ್ನೂ ಇದರೊಳಗೆ ಸೇರಿಸಿದ್ದೇನೆ.

ಮನೆಯ ಸ್ಥಿತಿ

ಹಿತ್ತಿಲಿನ ನಡುವೆ ಉಪ್ಪರಿಗೆ ಮನೆ, ರಸ್ತೆಯ ಬದಿಗೆ ಸಾಲಾಗಿ ನಾಲ್ಕು ಬಾಡಿಗೆ ಬಿಡಾರ, ಹಿಂಬದಿಯಲ್ಲಿ ಬಾವಿ, ಕೆಳಗಿನ ಮೂಲೆಯಲ್ಲಿ ನಾಗಬನ, ನಾಗನನ್ನು ಪೂಜಿಸುವ ಮರಗಳ ಗುಂಪು. ಮನೆಯ ಒಂದು ಕೋಣೆ ಮತ್ತು ಅಡುಗೆಮನೆಯನ್ನಷ್ಟೇ ಉಪಯೋಗಿಸಿಕೊಂಡು, ಎಂಬತ್ತು ದಾಟಿದ ದೊಡ್ಡಮ್ಮ ಕೆಲಸದವಳೊಬ್ಬಳ ಜೊತೆ ಇದ್ದರು. ಉಪ್ಪರಿಗೆಗೆ ಹೋಗುವ ಮರದ ಏಣಿಮೆಟ್ಟಿಲಿಗೆ ಅಡ್ಡವಾಗಿ ಕುರ್ಚಿ ಇಟ್ಟಿದ್ದರು, ಯಾರೂ ಮೇಲೆ ಹೋಗಬಾರದೆಂದು.

ಶಿಥಿಲ ಎಂದು ಎಲ್ಲರೂ ಹೇಳುತ್ತಿದ್ದ ಆ ಮನೆಯ ಗೋಡೆಗಳು ಶಿಥಿಲವಾಗಿರಲಿಲ್ಲ. ಸುಣ್ಣದ ಗಾರೆಯಲ್ಲಿ ಕಟ್ಟಿದ ಕೆಂಪುಕಲ್ಲಿನ ದಪ್ಪ ಗೋಡೆ. ಗುದ್ದಿ ನೋಡಿದಲ್ಲೆಲ್ಲ ಗಟ್ಟಿ ಸದ್ದು. ಹಾಳಾಗಿದ್ದದ್ದು ಎರಡು ಮಾಡುಗಳು (ಹಂಚಿನ ಛಾವಣಿಗಳು) ಕೂಡುವ ಮೂಲೆ. ಅಲ್ಲಿ ನಾಲ್ಕೈದು ಹಂಚು ಜಾರಿ, ನೀರು ಪಕ್ಕಾಸಿನ (ಮಾಡನ್ನು ಹೊರುವ ಇಳಿಜಾರು ಮರದ) ತಲೆಗೆ ಇಳಿದು, ಅಲ್ಲಿಂದ ಗೋಡೆಯ ಮೇಲಿನ ತೊಲೆಗೆ ಹಬ್ಬಿ, ಒದ್ದೆ ಮರಕ್ಕೆ ಗೆದ್ದಲು ಹತ್ತಿತ್ತು. ಸ್ಕ್ರೂಡ್ರೈವರ್ ಒತ್ತಿದರೆ ತೊಲೆಯೊಳಗೆ ಹಿಡಿಯವರೆಗೂ ಹೋಯಿತು. ಹನ್ನೊಂದು ಪಕ್ಕಾಸು ಮತ್ತು ಒಂದು ತೊಲೆ ಬದಲಾಯಿಸಿ, ಹಂಚು ಕೂರುವ ರೀಪು ಹೊಡೆದು ಹಂಚು ಮತ್ತೆ ಹೊದಿಸಿದರೆ ಇನ್ನೊಂದು ತಲೆಮಾರಿಗೆ ಮೋಸವಿಲ್ಲ ಎಂದು ವರದಿಯ ಮೊದಲ ಪುಟದಲ್ಲೇ ಬರೆದೆ. ಆ ಪುಟವನ್ನು ಯಾರೂ ಓದಿದಂತೆ ಕಾಣಲಿಲ್ಲ. ಅವರಿಗೆ ಬೇಕಾಗಿದ್ದದ್ದು ಬಿಡಾರಗಳ ಬಗ್ಗೆ ಬರೆದ ಎರಡನೆಯ ಪುಟ. ಬಿಡಾರಗಳು ನಿಜಕ್ಕೂ ಅಪಾಯಕಾರಿಯಾಗಿದ್ದವು.

(ಹಂಚಿನ ಮೇಲೆ 1865 ಎಂದು ಇತ್ತು. ಮನೆಯ ವಯಸ್ಸು ಅಷ್ಟು ಎಂದು ಅಳಿಯನೊಬ್ಬ ಹೆಮ್ಮೆಯಿಂದ ತೋರಿಸಿದ. ಅದು ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಇಸವಿ. ಮಂಗಳೂರಿನ ಅರ್ಧದಷ್ಟು ಮನೆಗಳು ಈ ಲೆಕ್ಕದಲ್ಲಿ ಒಂದೇ ವರ್ಷ ಹುಟ್ಟಿವೆ.)

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಊರು ಇದು. ಹಂಚಿನ ಮಾಡನ್ನು ಮಳೆಗಾಲಕ್ಕೆ ಮೊದಲು, ಏಪ್ರಿಲ್–ಮೇ ತಿಂಗಳಲ್ಲಿ ಒಮ್ಮೆ ಕೈಯಾಡಿಸಲೇಬೇಕು: ಒಡೆದದ್ದು ತೆಗೆಯಬೇಕು, ಜಾರಿದ್ದು ಸರಿಸಬೇಕು, ಎಲೆ ಗುಡಿಸಬೇಕು. ಎರಡು ದಿನದ ಆಳಿನ ಕೆಲಸ. ಈ ಮನೆಯಲ್ಲಿ ಅದು ನಿಂತದ್ದು ಹಣವಿಲ್ಲದೆ ಅಲ್ಲ. ಮುಂಬಯಿಯಲ್ಲಿ ಹೋಟೆಲು, ಮಸ್ಕತ್‌ನಲ್ಲಿ ಕೆಲಸ, ಮಣಿಪಾಲದಲ್ಲಿ ಡಾಕ್ಟರು ಇರುವ ಕುಟುಂಬ. ಆದರೆ ಆಳಿನ ಮಜೂರಿ ಯಾರು ಕೊಡಬೇಕು ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಕೊಟ್ಟವರು ನಾಳೆ ಪಾಲು ಹೆಚ್ಚು ಕೇಳಿಯಾರು ಎಂದು ಮಿಕ್ಕವರಿಗೆ ಸಂಶಯ. ಎಲ್ಲರ ಮನೆಗೆ ತಾನೊಬ್ಬ ಯಾಕೆ ಕೊಡಬೇಕು ಎಂದು ಕೊಡಬಲ್ಲವರಿಗೆ ಬಿಗುಮಾನ.

ಯಾರ ಮನೆ

ಇದು ಅಳಿಯಸಂತಾನದ ಕುಟುಂಬ. ಈ ಕಟ್ಟಿನಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತದೆ. ಯಜಮಾನ ನೋಡಿಕೊಳ್ಳುವವನು ಮಾತ್ರ, ಒಡೆಯನಲ್ಲ. ಒಬ್ಬಳು ಹೆಣ್ಣು, ಅವಳ ಮಕ್ಕಳು, ಹೆಣ್ಣುಮಕ್ಕಳ ಸಂತತಿ ಸೇರಿದರೆ ಒಂದು ಕವರು. ಈ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿದ್ದಾಗ ಬಂದ 1949ರ ಅಳಿಯಸಂತಾನ ಕಾಯ್ದೆ ಕವರುಗಳಿಗೆ ಪಾಲು ಕೇಳುವ ದಾರಿ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಸದಸ್ಯನೊಬ್ಬ ತೀರಿಕೊಂಡರೆ ಕುಟುಂಬದ ಆಸ್ತಿಯಲ್ಲಿ ಅವನಿಗಿದ್ದ ಪಾಲು ಮೊದಲಿನಂತೆ ಕುಟುಂಬಕ್ಕೇ ಮರಳುವುದಿಲ್ಲ, ಅವನ ವಾರಸುದಾರರಿಗೆ ಹೋಗುತ್ತದೆ. ಅಂದರೆ ಒಬ್ಬೊಬ್ಬ ಸೋದರಮಾವ ತೀರಿಕೊಂಡಂತೆ ಅವರ ಹೆಂಡತಿ ಮಕ್ಕಳೂ ಪಟ್ಟಿಗೆ ಸೇರುತ್ತಾ ಬಂದರು. ನ್ಯಾಯವಾದದ್ದೇ. ಆದರೆ ಮೂವರು ಮಾವಂದಿರು ಹೋಗುವಷ್ಟರಲ್ಲಿ, ಒಂದು ಕಾಗದಕ್ಕೆ ಹದಿನೇಳು ಜನ ಸಹಿ ಹಾಕಬೇಕಾದ ಸ್ಥಿತಿ ಬಂದಿತ್ತು. ಇವರಲ್ಲಿ ಕೆಲವರು ಈ ಮನೆಯ ಅಂಗಳವನ್ನೂ ನೋಡಿದವರಲ್ಲ.

ನಾಲ್ಕು ಕವರುಗಳ ನಡುವೆ ಪಾಲಿನ ದಾವೆ ಹೂಡಿ, ಅದು ಯಾರಿಗೂ ಬೇಡವಾಗಿ, ವಾಯಿದೆಯಿಂದ ವಾಯಿದೆಗೆ ಹೋಗುತ್ತಿತ್ತು. ದಾವೆ ನಡೆಯುತ್ತಿರುವಾಗ ಮನೆಗೆ ಕೈ ಹಚ್ಚಬಾರದು ಎಂದು ವಕೀಲರು ಹೇಳಿದ್ದಾರೆಂಬುದು ಎಲ್ಲರಿಗೂ ಒಳ್ಳೆಯ ನೆಪವಾಗಿತ್ತು. ಹಂಚು ಸರಿಸಬಾರದು ಎಂದು ಯಾವ ವಕೀಲರೂ ಹೇಳಿರಲಾರರು.

ಕಡತ ಬಿಚ್ಚಿದಾಗ ಇನ್ನೊಂದು ಗಂಟು ಹೊರಬಿತ್ತು. ಬಿಡಾರಗಳಿದ್ದ ರಸ್ತೆ ಬದಿಯ 9 ಸೆಂಟ್ಸ್ ಈ ಕುಟುಂಬದ್ದೇ ಅಲ್ಲ. ಬೇರೊಂದು ಧಣಿಗಳ ಮನೆತನದಿಂದ ಮೂಲಗೇಣಿಗೆ ಬಂದದ್ದು. ತಲೆತಲಾಂತರಕ್ಕೆ ಕೊಟ್ಟ ಜಾಗ. ಗೇಣಿ ಏರಿಸುವಂತಿಲ್ಲ, ಕರಾರು ಮೀರದ ತನಕ ಎಬ್ಬಿಸುವಂತಿಲ್ಲ. ವರ್ಷದ ಗೇಣಿ ಆರು ರೂಪಾಯಿ ಎಂಟಾಣೆ. ಅದನ್ನು ಕೊಡುವುದನ್ನು ಇವರು ಮರೆತಿದ್ದರು, ಕೇಳುವುದನ್ನು ಅವರೂ ಮರೆತಿದ್ದರು. 1974ರ ಭೂಸುಧಾರಣೆ ಈ ಜಿಲ್ಲೆಯ ಸಾವಿರಾರು ಒಕ್ಕಲುಗಳಿಗೆ ಗದ್ದೆ ತೋಟ ಕೊಟ್ಟಿತು, ಆದರೆ ಅದು ಕೃಷಿಭೂಮಿಗೆ. ಪೇಟೆಯೊಳಗಿನ ಮನೆ ಜಾಗದ ಮೂಲಗೇಣಿದಾರರಿಗೆ ಒಡೆತನ ಕೊಡಲು 2011ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಆ ದಾರಿ ಹಿಡಿದರೆ ಅರ್ಜಿ, ತಕರಾರು, ಮೇಲ್ಮನವಿ ಎಂದು ವರ್ಷಗಳು ಹೋಗುತ್ತವೆ ಎಂದು ಬಿಲ್ಡರನ ವಕೀಲರು ಲೆಕ್ಕ ಹಾಕಿ, ಧಣಿಗಳ ಮನೆತನದೊಂದಿಗೆ ಮಾತುಕತೆಯಲ್ಲೇ ಮೂಲಿ ಹಕ್ಕು, ಅಂದರೆ ಧಣಿಗಳಿಗೆ ಉಳಿದಿದ್ದ ಒಡೆತನ, ಖರೀದಿಸುವುದೆಂದು ತೀರ್ಮಾನಿಸಿದರು. ಬ್ಯಾಂಕಿನವರು ಮೂಲಗೇಣಿ ಎಂಬ ಶಬ್ದ ಕಂಡರೆ ಸಾಲದ ಕಡತ ಮುಚ್ಚಿಬಿಡುತ್ತಾರೆ. ನಾಳೆ ಫ್ಲ್ಯಾಟ್ ಕೊಳ್ಳುವವರಿಗೆ ಸಾಲ ಸಿಗಬೇಕಲ್ಲ.

ಬಿಡಾರದವರು

ನಾಲ್ಕು ಬಿಡಾರಗಳಲ್ಲಿ ಒಂದರಲ್ಲಿ ಟೈಲರ್, ಒಂದರಲ್ಲಿ ನಿವೃತ್ತ ಶಿಕ್ಷಕಿ. ಮೂರನೆಯದಕ್ಕೆ ಬೀಗ, ಬಾಡಿಗೆದಾರನ ಮಗ ದುಬೈಯಿಂದ ಬಾಡಿಗೆ ಮಾತ್ರ ತಪ್ಪದೆ ಕಳುಹಿಸುತ್ತಿದ್ದ. ನಾಲ್ಕನೆಯದರಲ್ಲಿ ಶಾಮಿಯಾನದವರ ಪಾತ್ರೆ, ಕುರ್ಚಿ. ಬಾಡಿಗೆ ನೂರು ರೂಪಾಯಿಯ ಆಸುಪಾಸು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಿಂದ ಕುಳಿತವರು. 1999ರ ಹೊಸ ಕಾಯ್ದೆ ಬಂದ ಮೇಲೂ ಅವರನ್ನು ಎಬ್ಬಿಸಲು ಕೋರ್ಟಿನ ಮೆಟ್ಟಿಲನ್ನೇ ಹತ್ತಬೇಕು. ಆ ಬಾಡಿಗೆಯಲ್ಲಿ ಒಂದು ಬಾಗಿಲಿಗೆ ಬಣ್ಣವೂ ಆಗುವುದಿಲ್ಲ ಎಂದು ಮನೆಯವರು ರಿಪೇರಿ ಮಾಡಲಿಲ್ಲ. ತಮ್ಮದಲ್ಲದ ಗೋಡೆಗೆ ಯಾಕೆ ಖರ್ಚು ಎಂದು ಬಾಡಿಗೆದಾರರೂ ಮಾಡಲಿಲ್ಲ. ಶಿಕ್ಷಕಿಯ ಅಡುಗೆಮನೆಯ ಮಾಡಿಗೆ ನೀಲಿ ಟಾರ್ಪಾಲು, ಅದರ ಮೇಲೆ ಹಾರದಂತೆ ಇಟ್ಟ ಹಳೆಯ ಟಯರು.

ಬಿಲ್ಡರ್ ಇವರ ಜೊತೆ ನಡೆದುಕೊಂಡ ರೀತಿ ನಾನು ಎಣಿಸಿದ್ದಕ್ಕಿಂತ ಮೇಲಾಗಿತ್ತು. ಶಿಕ್ಷಕಿಗೆ ನೆಲಮಹಡಿಯಲ್ಲಿ ಚಿಕ್ಕದೊಂದು ಫ್ಲ್ಯಾಟು ಕಟ್ಟಿದ ಖರ್ಚಿಗೆ, ಕಾಮಗಾರಿ ಮುಗಿಯುವವರೆಗೆ ಬೇರೆ ಕಡೆಯ ಬಾಡಿಗೆ ಬಿಲ್ಡರನದು. ಇದು ಬಾಯಿಮಾತಲ್ಲ, ಬಿಡಾರ ಬಿಟ್ಟುಕೊಡುವ ಪತ್ರದಲ್ಲೇ ಬರೆದು ನೋಂದಾಯಿಸಿದರು. ಶಾಮಿಯಾನದವರು ಹಣ ತೆಗೆದುಕೊಂಡು ಹೋದರು. ದುಬೈಯವನು ಫೋನಿನಲ್ಲೇ ಚೌಕಾಸಿ ಮಾಡಿ ಎಲ್ಲರಿಗಿಂತ ಹೆಚ್ಚು ಪಡೆದ, ಆ ಮನೆಯಲ್ಲಿ ಒಂದು ರಾತ್ರಿಯೂ ಮಲಗದವನು. ಟೈಲರ್ ಕೇಳಿದ್ದು ಹೊಸ ಕಟ್ಟಡದಲ್ಲಿ ರಸ್ತೆಗೆ ಬಾಗಿಲಿರುವ ಒಂದು ಅಂಗಡಿ ಕೋಣೆ. ವಾಸದ ಕಟ್ಟಡದ ನಕ್ಷೆಯಲ್ಲಿ ಅದಕ್ಕೆ ಜಾಗವಿಲ್ಲ ಎಂದರು. ಅವರಿಗೂ ಹಣ ಸಿಕ್ಕಿತು, ಎರಡು ರಸ್ತೆ ಆಚೆ ಕೋಣೆ ಹಿಡಿದರು. ಗಿರಾಕಿಗಳು ಅರ್ಧಕ್ಕರ್ಧ ಹಿಂದೆ ಬರಲಿಲ್ಲ. ಈ ಇಡೀ ವ್ಯವಹಾರದಲ್ಲಿ ನಷ್ಟ ಹೊತ್ತವರು ಯಾರು ಎಂದು ಕೇಳಿದರೆ ನಾನು ಟೈಲರನ್ನು ತೋರಿಸುತ್ತೇನೆ. ಅವರ ದುಡಿಮೆ ನಿಂತಿದ್ದದ್ದು ಆ ಬಾಗಿಲಿನ ಮೇಲೆ, ಆ ಬಾಗಿಲಿಗೆ ಯಾರೂ ಬೆಲೆ ಕಟ್ಟಲಿಲ್ಲ.

ಒಂಬತ್ತು ಅಂಶದ ಬೆಲೆ

ಈಗ ಲೆಕ್ಕಕ್ಕೆ ಬರೋಣ. ಒಂದು ಸೆಂಟ್ಸ್ ಅಂದರೆ 435.6 ಚದರ ಅಡಿ; 46 ಸೆಂಟ್ಸ್‌ಗೆ ಇಪ್ಪತ್ತು ಸಾವಿರ ಚದರ ಅಡಿ ಚಿಲ್ಲರೆ. ಮೊದಲ ನಕ್ಷೆಯಲ್ಲಿ 28 ಫ್ಲ್ಯಾಟ್ ಕೂರಿಸಿದ್ದರು. ಜಂಟಿ ಅಭಿವೃದ್ಧಿ ಒಪ್ಪಂದ ಎಂದರೆ ಜಾಗ ಮನೆಯವರದು, ಕಟ್ಟುವುದು ಬಿಲ್ಡರ್, ಫ್ಲ್ಯಾಟು ಇಬ್ಬರಿಗೂ ಪಾಲು. ಅದಕ್ಕೆ ಬಿಲ್ಡರ್ ಎರಡು ದರ ಇಟ್ಟ. ದಾವೆ ಮುಗಿಸಿ, ಮೂಲಿ ಹಕ್ಕು ಪಡೆದು, ಬಿಡಾರ ಖಾಲಿ ಮಾಡಿಸಿ ಜಾಗ ಒಪ್ಪಿಸಿದರೆ ಕುಟುಂಬಕ್ಕೆ ನೂರಕ್ಕೆ 45. ಇದ್ದ ಹಾಗೆ ಒಪ್ಪಿಸಿದರೆ 36. ಗಂಟು ಬಿಡಿಸುವ ಖರ್ಚು, ತಲೆನೋವು ಎರಡೂ ಬಿಲ್ಡರನವು. ವ್ಯತ್ಯಾಸ ನೂರಕ್ಕೆ ಒಂಬತ್ತು, 28ರಲ್ಲಿ ಎರಡೂವರೆ ಫ್ಲ್ಯಾಟು.

ಎರಡೂವರೆ ಫ್ಲ್ಯಾಟಿನ ಬೆಲೆಗಿಂತ ಬಹಳ ಕಡಿಮೆಯಲ್ಲಿ ಕುಟುಂಬವೇ ಇದನ್ನೆಲ್ಲ ಬಗೆಹರಿಸಬಹುದಿತ್ತು ಎಂದು ಅಳಿಯಂದಿರಲ್ಲಿ ಒಬ್ಬ, ಲೆಕ್ಕಪರಿಶೋಧಕ, ಕಾಗದದ ಮೇಲೆ ತೋರಿಸಿದ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆ ಹಣವನ್ನು ಮೊದಲು ಒಟ್ಟು ಮಾಡಬೇಕು, ಹದಿನೇಳು ಜನ ತಲೆಗಿಷ್ಟು ಎಂದು ಹಾಕಬೇಕು. ಎರಡು ದಿನದ ಆಳಿನ ಮಜೂರಿಗೆ ಒಪ್ಪದವರು ಇದಕ್ಕೆ ಒಪ್ಪುತ್ತಾರೆಯೇ? ಒಬ್ಬರಿಗೊಬ್ಬರು ಕೊಡಲು ಮನಸ್ಸಿಲ್ಲದ್ದನ್ನು ಹೊರಗಿನವನಿಗೆ ಕೊಡಲು ಹದಿನೇಳೂ ಜನ ಒಂದೇ ತಿಂಗಳಲ್ಲಿ ಒಪ್ಪಿದರು. ಬಿಲ್ಡರನ ನಿಜವಾದ ಕಸುಬು ಸಿಮೆಂಟಿನದಲ್ಲ, ಸಹಿಯದು ಎಂದು ನನಗೆ ಅನ್ನಿಸಿದ್ದು ಆಗ. ಅವನ ಕಚೇರಿಯ ಹುಡುಗನೊಬ್ಬ ಮುಂಬಯಿಗೆ ಹೋಗಿ, ಮುಲುಂಡ್‌ನಿಂದ ವಿರಾರ್‌ವರೆಗೆ ಮನೆ ಮನೆ ಹತ್ತಿ ಅಧಿಕಾರಪತ್ರಗಳಿಗೆ ಸಹಿ ತಂದ. ಆ ಒಂಬತ್ತು ಅಂಶವನ್ನು ಲೂಟಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಕುಟುಂಬದವರು ಎಣಿಸದಿದ್ದ ಎರಡು ಸಂಗತಿಗಳನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಫ್ಲ್ಯಾಟ್ ಕೊಳ್ಳುವವರ ರಕ್ಷಣೆಗೆ ಬಂದ 2016ರ ರೇರಾ ಕಾಯ್ದೆ 500 ಚದರ ಮೀಟರ್ ಅಥವಾ ಎಂಟು ಫ್ಲ್ಯಾಟ್ ಮೀರಿದ ಯೋಜನೆಗೆ ಅನ್ವಯಿಸುತ್ತದೆ. ಕಟ್ಟುವವರು ಬೇರೆ, ಮಾರುವವರು ಬೇರೆಯಾದರೆ ಇಬ್ಬರನ್ನೂ ಪ್ರವರ್ತಕರೆಂದೇ, ಅಂದರೆ ಯೋಜನೆಗೆ ಹೊಣೆಗಾರರೆಂದೇ, ಎಣಿಸುತ್ತದೆ. ತಮ್ಮ ಪಾಲಿನ ಫ್ಲ್ಯಾಟನ್ನು ಕಾಮಗಾರಿಯ ನಡುವೆಯೇ ಮಾರಲು ಹೊರಟ ಇಬ್ಬರಿಗೆ ಇದು ತಿಳಿದಾಗ ಮುಖ ಬಾಡಿತು. ಇನ್ನೊಂದು ತೆರಿಗೆ. ವ್ಯಕ್ತಿಗಳು ಜಾಗವನ್ನು ಜಂಟಿ ಅಭಿವೃದ್ಧಿಗೆ ಕೊಟ್ಟರೆ ಬಂಡವಾಳ ಲಾಭದ ತೆರಿಗೆ ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಬಂದ ವರ್ಷಕ್ಕೆ ಎಂದು 2017ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಸೇರಿದ 45(5ಎ) ಕಲಮು ಹೇಳಿತು. ಆ ಪ್ರಮಾಣಪತ್ರಕ್ಕೆ ಮೊದಲೇ ಪಾಲು ಮಾರಿದವರಿಗೆ ಆ ಸೌಲಭ್ಯವಿಲ್ಲ. ಮಾರಲು ಹೊರಟ ಆ ಇಬ್ಬರಲ್ಲಿ ಒಬ್ಬರು ಅವಸರಪಟ್ಟು ಮಾರಿಯೇಬಿಟ್ಟರು.

ನಾಗ ಮತ್ತು ಶೇಡಿ

ಮೊದಲ ನಕ್ಷೆಯಲ್ಲಿ ನಾಗಬನ ಇದ್ದ ಮೂಲೆಯ ಮೇಲೆ ಕಾರು ಇಳಿಯುವ ರ‍್ಯಾಂಪ್ ಹಾದುಹೋಗಿತ್ತು. ಬೆಂಗಳೂರಿನ ವಾಸ್ತುಶಿಲ್ಪಿ ಅದನ್ನು ಮರಗಳ ಗುಂಪು ಎಂದು ಗುರುತಿಸಿದ್ದರು. ನಕ್ಷೆ ಹರಡಿದ ದಿನ ಬಿಲ್ಡರನೇ, ಮನೆಯವರು ಬಾಯಿ ತೆರೆಯುವ ಮೊದಲೇ, ಅದನ್ನು ಮಡಚಿ ಇಟ್ಟ. ಅವನೂ ಇದೇ ಊರಿನವನು. ನಾಗನನ್ನು ಬೇರೆಡೆ ಪ್ರತಿಷ್ಠೆ ಮಾಡಬಹುದೇ ಎಂದು ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸಿದರು. ಕದಲಿಸಬಾರದು ಎಂದು ಬಂತು. ದೊಡ್ಡಮ್ಮ ನನ್ನ ಹತ್ತಿರ, "ಮನೆ ಹೋದರೆ ಹೋಗಲಿ ಇಂಜಿನಿಯರ್ರೇ, ನಾಗ ಇದ್ದಲ್ಲೇ ಇರಲಿ" ಎಂದರು. ರ‍್ಯಾಂಪ್ ಇನ್ನೊಂದು ಬದಿಗೆ ಸರಿಯಿತು, ಅದರೊಂದಿಗೆ ಕೆಲವು ಕಾರುಗಳ ಜಾಗವೂ ಹೋಯಿತು. ಯಾರೂ ಒಂದು ಮಾತು ಆಡಲಿಲ್ಲ.

ಎರಡನೆಯ ತೊಡಕು ನನ್ನ ಕಡೆಯಿಂದ. ಮಂಗಳೂರಿನ ಗುಡ್ಡಗಳಲ್ಲಿ ಮೇಲೆ ಗಟ್ಟಿ ಮುರಕಲ್ಲು (ಕೆಂಪುಕಲ್ಲು), ಅದರಡಿಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು. ಬೇಸಗೆಯಲ್ಲಿ ಕಡಿದರೆ ಅದು ನೆಟ್ಟಗೆ ನಿಲ್ಲುತ್ತದೆ, ನೋಡಿದವರಿಗೆ ಧೈರ್ಯ ಬರುತ್ತದೆ. ಮಳೆನೀರು ಸೇರಿದ ಮೇಲೆ ಅದರ ಬಲವೆಲ್ಲ ಹೋಗಿ ಒಮ್ಮೆಗೇ ಜಾರುತ್ತದೆ; ಮುನ್ಸೂಚನೆ ಕೊಡುವುದಿಲ್ಲ. 2024ರ ಜುಲೈಯಲ್ಲಿ ಬಲ್ಮಠದ ಕಾಮಗಾರಿಯೊಂದರಲ್ಲಿ ಮಣ್ಣು ಕುಸಿದು ಕಾರ್ಮಿಕನೊಬ್ಬ ಸತ್ತದ್ದು ಇಲ್ಲಿನವರಿಗೆ ನೆನಪಿದೆ. ಈ ಹಿತ್ತಿಲಿನ ಮೇಲ್ಬದಿಯಲ್ಲಿ ನೆರೆಮನೆಯ ಆವರಣಗೋಡೆ, ಅದಕ್ಕೆ ತಾಗಿ ಅವರ ನೀರಿನ ತೊಟ್ಟಿ. ಕೊರೆದು ನೋಡಿದಾಗ ಹನ್ನೆರಡು ಅಡಿಗೇ ಶೇಡಿ ಸಿಕ್ಕಿತು. ವಾಹನಗಳಿಗೆ ಎರಡು ನೆಲಮಾಳಿಗೆ ಎಂದು ನಕ್ಷೆಯಲ್ಲಿ ಇತ್ತು. ಒಂದೇ ಸಾಕು, ಅದನ್ನೂ ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ತಡೆಗೋಡೆ ಹಾಗೂ ಅದರ ಹಿಂದಿನ ನೀರು ಹೊರಹೋಗುವ ಕೊಳವೆಗಳು ಮೇ ತಿಂಗಳೊಳಗೆ ಮುಗಿಯದಿದ್ದರೆ ಆ ವರ್ಷ ಅಗೆಯಲೇಬಾರದು ಎಂದು ಬರೆದುಕೊಟ್ಟೆ.

ನಾಗನಿಗೆ ತಲೆಬಾಗಿದವರು ಶೇಡಿಗೆ ಸುಲಭವಾಗಿ ಬಾಗಲಿಲ್ಲ. ಮೂರು ಸಭೆ ಆಯಿತು. ಬಿಲ್ಡರನ ಕಡೆಯ ಗುತ್ತಿಗೆದಾರ ಪಕ್ಕದ ರಸ್ತೆಯಲ್ಲಿ ತಾನು ಮೂವತ್ತು ಅಡಿ ಕಡಿದ ಕಥೆ ಹೇಳಿದ. ಕೊನೆಗೆ ತೀರ್ಮಾನ ಮಾಡಿಸಿದ್ದು ನೆರೆಮನೆಯವರ ವಕೀಲರ ನೋಟಿಸು. ಗೋಡೆಗೆ ಬಿರುಕು ಬಂದರೆ ಕಾಮಗಾರಿಗೆ ತಡೆಯಾಜ್ಞೆ ತರುತ್ತೇವೆ ಎಂದು ಅದರಲ್ಲಿ ಬರೆದಿದ್ದರು. ಒಂದು ನೆಲಮಾಳಿಗೆ ಹೋಯಿತು. ಕಾರಿಗೆ ಜಾಗ ಇಲ್ಲದೆ ಫ್ಲ್ಯಾಟಿಗೆ ಪರವಾನಗಿ ಇಲ್ಲವಾದ್ದರಿಂದ 28 ಇದ್ದದ್ದು 26 ಆಯಿತು.

ಮರ ಮತ್ತು ಚಾವಡಿ

ಚಾವಡಿಯ ಆರು ಕಂಬಗಳು ಹಲಸಿನ ಮರದವು, ಕೈ ಸವರಿ ಸವರಿ ನಯವಾದವು. ಕುಟುಂಬದ ಹುಡುಗಿಯೊಬ್ಬಳು, ವಾಸ್ತುಶಿಲ್ಪ ಓದುತ್ತಿದ್ದವಳು, ಚಾವಡಿಯನ್ನಾದರೂ ಎತ್ತಿ ಹೊಸ ಕಟ್ಟಡದ ಮುಂದೆ ನಿಲ್ಲಿಸೋಣ ಎಂದು ನಕ್ಷೆ ಬರೆದು ತಂದಳು. ಮಣಿಪಾಲದ ಹಸ್ತಶಿಲ್ಪ ಎಂಬ ಪಾರಂಪರಿಕ ಮನೆಗಳ ಸಂಗ್ರಹಾಲಯದಲ್ಲಿ ವಿಜಯನಾಥ ಶೆಣೈಯವರು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಮನೆಗಳನ್ನು ನೋಡಿ ಬಂದಿದ್ದಳು. ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು. ಬಿಚ್ಚುವ, ಜೋಡಿಸುವ ಖರ್ಚು ಯಾರದು ಎಂದಾಗ ಮತ್ತೆ ಆ ಹಳೆಯ ಮೌನ. ಮನೆ ಯಾವ ಪಾರಂಪರಿಕ ಪಟ್ಟಿಯಲ್ಲೂ ಇರಲಿಲ್ಲ, ಬೀಳಿಸಬಾರದು ಎನ್ನಲು ಯಾವ ನಿಯಮವೂ ಇರಲಿಲ್ಲ. ನಾಗಬನಕ್ಕೆ ಹೆದರುವವರು ಇದ್ದರು, ನೆರೆಯ ಗೋಡೆಗೆ ವಕೀಲರು ಇದ್ದರು, ಚಾವಡಿಗೆ ಒಬ್ಬ ಹುಡುಗಿ ಮಾತ್ರ. ಹಳೆ ಮರದ ವ್ಯಾಪಾರಿ ಬಂದು, ಮನೆ ಬಿಚ್ಚಿಕೊಂಡು ಹೋಗಲು ತಾನೇ ಹಣ ಕೊಟ್ಟ. ಕಂಬಗಳು ಯಾವುದೋ ರೆಸಾರ್ಟಿಗೆ ಹೋದವು ಎಂದು ಕೇಳಿದೆ. ಹಂಚು ಬಿಚ್ಚುವವರು ಒಂದೊಂದನ್ನೇ ಕೈಯಿಂದ ಕೈಗೆ ದಾಟಿಸಿ ಅಂಗಳದಲ್ಲಿ ಪೇರಿಸುತ್ತಿದ್ದರು. ಒಡೆದ ಹಂಚು ಬಹಳ ಕಡಿಮೆ ಇತ್ತು.

ಹಂಚಿಕೆ

26ರಲ್ಲಿ ನೂರಕ್ಕೆ 36 ಎಂದರೆ ಒಂಬತ್ತು ಫ್ಲ್ಯಾಟ್ ಮತ್ತು ಚಿಲ್ಲರೆ. ಚಿಲ್ಲರೆಗೆ ಹಣ. ನಾಲ್ಕು ಕವರುಗಳಿಗೆ ಎರಡೆರಡು. ಒಂಬತ್ತನೆಯದು ನೆಲಮಹಡಿಯಲ್ಲಿ ದೊಡ್ಡಮ್ಮನಿಗೆ, ಅವರ ಜೀವಿತಕಾಲದವರೆಗೆ, ಆಮೇಲೆ ಮಾರಿ ನಾಲ್ಕು ಪಾಲು. ಯಾರಿಗೆ ಯಾವ ಮಹಡಿ ಎಂಬುದಕ್ಕೆ ಚೀಟಿ ಎತ್ತಿಸಿದರು. ಮನೆ ಬೀಳಿಸುವ ಹಿಂದಿನ ವಾರ, ದೈವದ ಕೋಣೆಯ ಮುಂದೆ, ಸೇರಿನಲ್ಲಿ ಹಾಕಿದ ಎಂಟು ಚೀಟಿ, ಎತ್ತಲು ಆರು ವರ್ಷದ ಮಗು. ದಾವೆಯನ್ನು ರಾಜಿಯಲ್ಲಿ ಮುಗಿಸಿ ಕೋರ್ಟಿಗೆ ಕೊಟ್ಟ ಅರ್ಜಿಗೆ ಆ ಚೀಟಿಯ ಪಟ್ಟಿಯೇ ಅನುಬಂಧವಾಯಿತು.

ನಾಗಬನದ ಬಗ್ಗೆ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ಘೋಷಣಾ ಪತ್ರದಲ್ಲಿ ಏನು ಬರೆಯಬೇಕು ಎಂಬುದಕ್ಕೆ ಮಾತ್ರ ವಕೀಲರು ಬಹಳ ಬೆವರಿಳಿಸಿದರು. ಹಿತ್ತಿಲಿನ ನೆಲವೆಲ್ಲ 26 ಮನೆಗಳಿಗೂ ಸಾಮಾನ್ಯ. ಕೊಂಡವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಬನದ ಜಾಗ ಸಾಮಾನ್ಯವೇ, ಆದರೆ ಅಲ್ಲಿ ಕಟ್ಟುವಂತಿಲ್ಲ, ಮರ ಕಡಿಯುವಂತಿಲ್ಲ; ನಾಗರಪಂಚಮಿಗೂ ತಂಬಿಲದ ಪೂಜೆಗೂ ಕುಟುಂಬಕ್ಕೆ ಹೋಗಿಬರುವ ದಾರಿ, ಖರ್ಚು ಕುಟುಂಬದ್ದೇ ಎಂದು ಬರೆದು ಮುಗಿಸಿದರು. ಬಾವಿಯನ್ನೂ ಉಳಿಸಿದರು. ಊರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ನೀರು ಕಡಿಮೆಯಾಗುವ ಏಪ್ರಿಲ್–ಮೇ ತಿಂಗಳಲ್ಲಿ ಅದರ ಪಂಪು ಎಲ್ಲ ಮನೆಗಳಿಗೂ ಓಡುತ್ತದೆ.

ಕಟ್ಟಡ ಮುಗಿದು ಡೋರ್ ನಂಬ್ರ ಬಂದು ಜನ ಕೂತಿದ್ದಾರೆ. ದೊಡ್ಡಮ್ಮ ನೆಲಮಹಡಿಯಲ್ಲಿದ್ದಾರೆ, ಎದುರಿನ ಬಾಗಿಲು ಶಿಕ್ಷಕಿಯದು. ಕುಟುಂಬದ ಒಂಬತ್ತರಲ್ಲಿ ಎಂಟಕ್ಕೆ ಖಾತೆ ಆಗಿದೆ. ಮೂರನೆಯ ಮಹಡಿಯದೊಂದು ಬಾಕಿ: ಒಂದು ಕವರಿನ ಐವರು ಅಣ್ಣ ತಂಗಿಯರ ಜಂಟಿ ಹೆಸರಿನಲ್ಲಿ ಅದು ಇದೆ, ಮಾರುವುದೋ ಬಾಡಿಗೆಗೆ ಕೊಡುವುದೋ ಎಂದು ಅವರಲ್ಲಿ ಒಮ್ಮತವಿಲ್ಲ. ಬೀಗ ಹಾಕಿದೆ, ಬಚ್ಚಲಿನ ಕೊಳಾಯಿ ಸೋರಿ ಕೆಳಗಿನ ಮನೆಯ ಛಾವಣಿಯಲ್ಲಿ ಮಚ್ಚೆ ಎದ್ದಿದೆ, ನಿರ್ವಹಣಾ ವೆಚ್ಚ ಬಾಕಿ ಉಳಿದಿದೆ. ಐವರಲ್ಲಿ ಯಾರಿಗೆ ನೋಟಿಸ್ ಕೊಡುವುದು ಎಂದು ಸಂಘದ ಕಾರ್ಯದರ್ಶಿ ನನಗೆ ಫೋನ್ ಮಾಡಿ ಕೇಳಿದರು. ವಕೀಲರ ನಂಬ್ರ ಕೊಟ್ಟೆ.